ಹೊರೆ ಯಾರದು, ಹೊಣೆ ಯಾರದು?

ದೋಣಿಮಲೈಯಿಂದ ಸಂಡೂರಿನ ಕಣಿವೆಗೆ ಇಳಿದು, ಅಲ್ಲಿಂದ ತೋರಣಗಲ್ಲಿಗೋ ಹೊಸಪೇಟೆಗೋ ಹೊರಳುವ ರಸ್ತೆಗಳಲ್ಲಿ ಒಮ್ಮೆಯಾದರೂ ಸಂಚರಿಸಿದವರಿಗೆ ಅದಿರಿನ ಲಾರಿ ಎಂದರೇನೆಂದು ವಿವರಿಸಬೇಕಾಗಿಲ್ಲ. ಕೆಂಪು ಧೂಳು, ಏರಿನಲ್ಲಿ ನರಳುವ ಎಂಜಿನ್, ಇಳಿಜಾರಿನಲ್ಲಿ ಬ್ರೇಕಿನ ವಾಸನೆ, ಹತ್ತು ಚಕ್ರಗಳ ಮಗ್ಗುಲಲ್ಲಿ ಜೀವ ಹಿಡಿದುಕೊಂಡು ಸಾಗುವ ಮೋಟಾರ್ ಸೈಕಲ್ಲು: ಇವೆಲ್ಲ ಈ ಸೀಮೆಯ ಬದುಕಿನ ಭಾಗವಾಗಿ ಹೋಗಿವೆ. ಈ ಬೆಟ್ಟಗಳ ಅದಿರಿನಿಂದ ನಮ್ಮಲ್ಲಿ ಎಷ್ಟೋ ಮನೆಗಳ ಒಲೆ ಉರಿದಿದೆ. ಮಕ್ಕಳ ಶಾಲೆಯ ಶುಲ್ಕ ಸಂದಿದೆ. ಅದೇ ಅದಿರು ಸಾಗುವ ರಸ್ತೆಯಲ್ಲಿ ಎಷ್ಟೋ ಮನೆಗಳ ದೀಪ ಆರಿಯೂ ಇದೆ. ಆದುದರಿಂದ ಈ ತಿಂಗಳು ಒಂದು ಪ್ರಶ್ನೆಯನ್ನು ನಾವು ಒಟ್ಟಾಗಿ ಕೇಳಿಕೊಳ್ಳೋಣ. ಲಾರಿಯೊಂದು ಮನುಷ್ಯನ ಪ್ರಾಣವನ್ನು ತೆಗೆದಾಗ ಅದರ ಹೊಣೆ ಯಾರದು? ಆ ಹೊಣೆ ಹಣದಿಂದ ತೀರುತ್ತದೆಯೇ?

ಹೀಗೊಂದು ಸಂಗತಿಯನ್ನು ಊಹಿಸಿಕೊಳ್ಳಿ. ಮೂವತ್ತನಾಲ್ಕು ವರ್ಷದ ಕೂಲಿಕಾರನೊಬ್ಬ ಸಂಜೆ ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದಾನೆ. ತಿರುವಿನಲ್ಲಿ ಲಾರಿಯೊಂದು ನಿಯಂತ್ರಣ ತಪ್ಪಿ ಅವನ ಮೇಲೆ ಹರಿಯುತ್ತದೆ. ಮನೆಯಲ್ಲಿ ವೃದ್ಧ ತಾಯಿ, ಹೆಂಡತಿ, ಇಬ್ಬರು ಮಕ್ಕಳು. ಮರುದಿನ ಸಾವಿನ ಮನೆಗೆ ಬಂದ ಹಿರಿಯರು ತಾಯಿಯ ಕೈ ಹಿಡಿದು, "ಏನ್ ಮಾಡಾಕಾಗತೈತವ್ವಾ, ಅವನ ಹಣ್ಯಾಗ ಬರೆದಿದ್ದು ಅಷ್ಟ" ಎನ್ನುತ್ತಾರೆ. ಸಂತೈಸುವ ಮಾತಾಗಿ ಇದರಲ್ಲಿ ದೋಷವಿಲ್ಲ. ದುಃಖದಲ್ಲಿ ಮುಳುಗಿದವರಿಗೆ ಹಿಡಿಯಲು ಒಂದು ಆಸರೆ ಬೇಕು. ಆದರೆ ಇದೇ ಮಾತನ್ನು ಲಾರಿಯ ಮಾಲೀಕ ಹೇಳಿದರೆ? ಭಾರ ತುಂಬಿಸಿದ ಗುತ್ತಿಗೆದಾರ ಹೇಳಿದರೆ? ಆಗ ಸಾಂತ್ವನದ ಮಾತು ನುಣುಚಿಕೊಳ್ಳುವ ಮಾತಾಗುತ್ತದೆ. ಮನುಷ್ಯರು ಕೈಯಾರೆ ಮಾಡಿದ್ದನ್ನು ವಿಧಿಯ ಲೆಕ್ಕಕ್ಕೆ ಬರೆಯುವುದು ದೇವರ ಮೇಲೆ ಅಪವಾದ ಹೊರಿಸಿದಂತೆಯೇ ಸರಿ.

ಎಲ್ಲಿ ವಿಧಿ ಮುಗಿಯುತ್ತದೆ, ಎಲ್ಲಿ ಹೊಣೆ ಆರಂಭವಾಗುತ್ತದೆ? ಇದು ಹಳೆಯ ಪ್ರಶ್ನೆ. ಪವಿತ್ರ ಗ್ರಂಥದ ವಿಮೋಚನಾಕಾಂಡದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಹಾಯುವ ಎತ್ತಿನ ಕುರಿತು ಒಂದು ಕಟ್ಟಳೆಯಿದೆ. ಎತ್ತು ಯಾರನ್ನಾದರೂ ತಿವಿದು ಕೊಂದರೆ ಎತ್ತಿಗೆ ಶಿಕ್ಷೆ, ಯಜಮಾನ ನಿರ್ದೋಷಿ. ಆದರೆ ಆ ಎತ್ತಿಗೆ ಮೊದಲಿನಿಂದಲೂ ಹಾಯುವ ಚಾಳಿಯಿದ್ದು, ಯಜಮಾನನಿಗೆ ಅದನ್ನು ತಿಳಿಸಿದ್ದರೂ ಅವನು ಕಟ್ಟಿಹಾಕದೆ ಬಿಟ್ಟಿದ್ದರೆ ಅವನೂ ಆ ಸಾವಿಗೆ ಉತ್ತರ ಕೊಡಬೇಕು. ಬಾಬಿಲೋನಿನ ದೊರೆ ಹಮ್ಮುರಾಬಿಯ ಶಾಸನದಲ್ಲಿಯೂ ಇಂಥದೇ ವಿವೇಚನೆಯಿದೆ. ಸಾವಿರಾರು ವರ್ಷಗಳ ಹಿಂದಿನ ರೈತಾಪಿ ಜನ ಕಂಡುಕೊಂಡ ಸತ್ಯ ಇಷ್ಟು: ಅನಿರೀಕ್ಷಿತವಾಗಿ ಎರಗಿದ್ದು ಅವಘಡ, ತಿಳಿದೂ ತಡೆಯದೆ ಬಿಟ್ಟದ್ದು ಅಪರಾಧ. ಇವೆರಡನ್ನೂ ಬೇರ್ಪಡಿಸುವ ಗೆರೆಯೇ ಎಚ್ಚರಿಕೆ. ಎಚ್ಚರಿಕೆ ಕಿವಿಗೆ ಬಿದ್ದ ಕ್ಷಣದಿಂದ ಎತ್ತು ಯಜಮಾನನ ಮನಸ್ಸಾಕ್ಷಿಯ ಭಾಗವಾಗುತ್ತದೆ.

ನಮ್ಮ ಸೀಮೆಗೆ ಎಚ್ಚರಿಕೆ ಸಿಕ್ಕಿರಲಿಲ್ಲವೇ? ಹೇರಳವಾಗಿ ಸಿಕ್ಕಿತ್ತು. ಸರ್ಕಾರಿ ಸ್ವಾಮ್ಯದ ಎನ್‌ಎಂಡಿಸಿ ಸಂಸ್ಥೆ ದೋಣಿಮಲೈಯಲ್ಲಿ ಅದಿರು ತೆಗೆಯಲು ತೊಡಗಿದ್ದು 1977ರಲ್ಲಿ. ಆದರೆ ಈ ರಸ್ತೆಗಳ ಚಹರೆಯೇ ಬದಲಾದದ್ದು 2000ದ ನಂತರದ ದಶಕದಲ್ಲಿ, ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಗಗನಕ್ಕೇರಿದಾಗ. ಎತ್ತುಗಳನ್ನು ಮಾರಿ, ಹೊಲ ಒತ್ತೆಯಿಟ್ಟು, ಸಾಲ ಮಾಡಿ ಲಾರಿ ಕೊಂಡವರು ನಮ್ಮ ಸುತ್ತಮುತ್ತಲೇ ಇದ್ದರು. ಸಾಲದ ಕಂತು ತಿಂಗಳು ತಿಂಗಳು ಬಂದು ನಿಲ್ಲುತ್ತಿತ್ತು. ಟ್ರಿಪ್ಪಿನ ಲೆಕ್ಕದಲ್ಲಿ ಕೂಲಿ ಸಿಗುತ್ತಿತ್ತು. ಹೆಚ್ಚು ಭಾರ ತುಂಬಿದರೆ ಹೆಚ್ಚು ಹಣ. ಮಿತಿಮೀರಿದ ಭಾರಕ್ಕೆ ಸರ್ಕಾರಗಳು ರಿಯಾಯಿತಿ ಕೊಡುವಂತಿಲ್ಲವೆಂದೂ ಹೆಚ್ಚುವರಿ ಸರಕನ್ನು ಇಳಿಸಲೇಬೇಕೆಂದೂ ಸುಪ್ರೀಂ ಕೋರ್ಟ್ 2005ರ ನವೆಂಬರ್‌ನಲ್ಲಿ ಹೇಳಿತು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2008ರಲ್ಲಿಯೂ 2011ರಲ್ಲಿಯೂ ಸಲ್ಲಿಸಿದ ವರದಿಗಳು ಅಕ್ರಮ ಗಣಿಗಾರಿಕೆಯ ಜೊತೆಗೆ ಅತಿಭಾರದ ಲಾರಿಗಳ ವಿಚಾರವನ್ನೂ ದಾಖಲಿಸಿದವು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. 2013ರಲ್ಲಿ ಕಟ್ಟುಪಾಡುಗಳೊಂದಿಗೆ ಮತ್ತೆ ದಾರಿ ತೆರೆಯಿತು. ಹೀಗಿರುವಾಗ, ಭಾರ ಮೀರಿದ ಲಾರಿ ಹಾಯುವ ಎತ್ತು ಎಂಬುದು ತಮಗೆ ತಿಳಿದಿರಲಿಲ್ಲವೆಂದು ಇಲ್ಲಿ ಯಾರೂ ಹೇಳುವಂತಿಲ್ಲ.

ದೇಶದ ಕಾನೂನು ಕೂಡ ಅದೇ ಹಳೆಯ ವಿವೇಕವನ್ನು ತನ್ನ ಭಾಷೆಯಲ್ಲಿ ಹೇಳುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 113ನೇ ಕಲಮಿನ ಪ್ರಕಾರ, ಅತಿಭಾರದ ವಾಹನದ ಚಾಲಕ ಅದರ ಮಾಲೀಕನಲ್ಲದಿದ್ದರೆ, ಅದು ಮಾಲೀಕನಿಗೆ ತಿಳಿದೇ ಅಥವಾ ಅವನ ಅಪ್ಪಣೆಯಂತೆಯೇ ನಡೆಯಿತೆಂದು ನ್ಯಾಯಾಲಯ ಭಾವಿಸಬಹುದು. 194ನೇ ಕಲಂ ದಂಡ ವಿಧಿಸುವುದು ಓಡಿಸುವವನಿಗೆ ಮಾತ್ರವಲ್ಲ, ಓಡಿಸಲು ಹಚ್ಚುವವನಿಗೂ ಬಿಡುವವನಿಗೂ ಸಹ. 2019ರ ತಿದ್ದುಪಡಿಯ ನಂತರ ಆ ದಂಡ 20,000 ರೂಪಾಯಿ. ಜೊತೆಗೆ ಹೆಚ್ಚುವರಿ ಭಾರದ ಪ್ರತಿ ಟನ್ನಿಗೆ 2,000 ರೂಪಾಯಿ.

ಈಗ ಆ ಕೂಲಿಕಾರನ ಮನೆಗೆ ಮರಳೋಣ. ಕಾನೂನು ಆ ಹೆಣ್ಣುಮಗಳಿಗೆ ಏನು ಕೊಡುತ್ತದೆ? ಬಳ್ಳಾರಿ, ಹೊಸಪೇಟೆಯಂಥ ಊರುಗಳಲ್ಲಿ ಜಿಲ್ಲಾ ನ್ಯಾಯಾಧೀಶರ ಮುಂದೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ನಡೆಯುತ್ತದೆ. ಅಪಘಾತ ನಡೆದ ಸ್ಥಳದ ಅಥವಾ ತಾನು ವಾಸಿಸುವ ಸ್ಥಳದ ಮಂಡಳಿಗೆ ಆಕೆ ಅರ್ಜಿ ಸಲ್ಲಿಸಬಹುದು. ಅಲ್ಲಿ ಸಾಮಾನ್ಯವಾಗಿ ಎದುರುಪಕ್ಷದವರು ಮೂವರು: ಚಾಲಕ, ಮಾಲೀಕ, ವಿಮಾ ಕಂಪನಿ. ನೌಕರನು ಕೆಲಸದಲ್ಲಿದ್ದಾಗ ಮಾಡಿದ ಅಜಾಗರೂಕತೆಗೆ ಯಜಮಾನ ಹೊಣೆ. ಯಜಮಾನನ ಹೊಣೆಯನ್ನು ವಿಮೆ ಹೊರುತ್ತದೆ. ಚಾಲಕನ ಪರವಾನಗಿಯಲ್ಲಿ ಲೋಪವಿದ್ದಾಗಲೂ, ವಿಮಾ ಕಂಪನಿ ಮೊದಲು ಸಂತ್ರಸ್ತರಿಗೆ ಹಣ ಕೊಟ್ಟು ಬಳಿಕ ಅದನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ಆದೇಶಿಸುವ ಮಾರ್ಗವನ್ನು 2004ರ ಸುಪ್ರೀಂ ಕೋರ್ಟ್ ತೀರ್ಪೊಂದು ಭದ್ರಪಡಿಸಿತು. ವಿಮೆಯೇ ಇಲ್ಲದ ಲಾರಿಯಾದರೆ ಮಾಲೀಕನೇ ತನ್ನ ಆಸ್ತಿಯಿಂದ ತೆರಬೇಕು.

ಪರಿಹಾರದ ಮೊತ್ತಕ್ಕೂ ಒಂದು ಲೆಕ್ಕವಿದೆ. 2009 ಮತ್ತು 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟಪಡಿಸಿತು. ನಮ್ಮ ಕೂಲಿಕಾರನ ತಿಂಗಳ ಗಳಿಕೆ 12,000 ರೂಪಾಯಿ ಎಂದಿಟ್ಟುಕೊಳ್ಳಿ. ವಯಸ್ಸು ನಲವತ್ತರೊಳಗಿರುವುದರಿಂದ ಮುಂದೆ ಹೆಚ್ಚಬಹುದಾಗಿದ್ದ ಗಳಿಕೆಗಾಗಿ ಶೇಕಡಾ 40 ಸೇರಿಸಿದರೆ 16,800. ಅವಲಂಬಿತರು ನಾಲ್ವರು, ಆದುದರಿಂದ ಅವನ ಸ್ವಂತ ಖರ್ಚಿಗೆಂದು ನಾಲ್ಕನೇ ಒಂದು ಭಾಗ ಕಳೆದರೆ 12,600. ವರ್ಷಕ್ಕೆ 1,51,200. ಮೂವತ್ತನಾಲ್ಕರ ವಯಸ್ಸಿಗೆ ಗುಣಕ 16. ಒಟ್ಟು 24,19,200 ರೂಪಾಯಿ. ಇದರ ಮೇಲೆ ಅಂತ್ಯಕ್ರಿಯೆಯ ವೆಚ್ಚ, ಸಂಗಾತಿಯನ್ನು ಕಳೆದುಕೊಂಡ ನಷ್ಟ ಮುಂತಾದವುಗಳಿಗೆ ನಿಗದಿಯಾದ ಮೊತ್ತಗಳು. ಗಳಿಕೆಗೆ ದಾಖಲೆಯಿಲ್ಲವಲ್ಲ ಎಂದು ಎದೆಗುಂದಬೇಕಾಗಿಲ್ಲ. ಕೂಲಿ ಮಾಡುವವನಿಂದ ಆದಾಯದ ಕಾಗದಪತ್ರ ನಿರೀಕ್ಷಿಸಲಾಗದೆಂದು 2011ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸತ್ತವರು ಗೃಹಿಣಿಯಾಗಿದ್ದರೆ ಆಕೆಯ ದುಡಿಮೆಗೂ ಬೆಲೆಯಿದೆ. ಅದನ್ನು ನ್ಯಾಯಾಲಯ 2021ರ ಜನವರಿಯಲ್ಲಿ ಮತ್ತೊಮ್ಮೆ ಒತ್ತಿ ಹೇಳಿತು.

ಇಷ್ಟರಿಂದ ಎಲ್ಲವೂ ಸರಿಹೋಯಿತೇ? ಕನ್ನಡದಲ್ಲಿ 'ಪರಿಹಾರ' ಎಂಬ ಪದದ ಬಳಕೆಯನ್ನು ಗಮನಿಸಿ. ನ್ಯಾಯಾಲಯದಲ್ಲಿ ಪರಿಹಾರವೆಂದರೆ ನಷ್ಟಕ್ಕೆ ಕೊಡುವ ಹಣ. ಪ್ರಾರ್ಥನೆಯಲ್ಲಿ ಪರಿಹಾರವೆಂದರೆ ಪಾಪದಿಂದ ಬಿಡುಗಡೆ. ಒಂದೇ ಪದ ಎರಡೂ ಕಡೆ ಸಲ್ಲುವುದರಿಂದ, ಮೊದಲನೆಯದು ಸಿಕ್ಕಿತೆಂದರೆ ಎರಡನೆಯದೂ ಸಿಕ್ಕಿತೆಂದು ನಾವು ಭ್ರಮಿಸುತ್ತೇವೆ. "ಇನ್ಶೂರೆನ್ಸ್ ಇದೆಯಲ್ಲ, ಅವರು ಕೊಡುತ್ತಾರೆ" ಎಂಬ ಮಾತಿನಲ್ಲಿ ಆ ಭ್ರಮೆ ಅಡಗಿದೆ. ವಿಮೆ ಒಂದು ಒಳ್ಳೆಯ ವ್ಯವಸ್ಥೆ. ಬಡ ಮಾಲೀಕನನ್ನು ಬೀದಿಗೆ ತಳ್ಳದೆ ಬಡ ವಿಧವೆಗೆ ಅನ್ನ ಒದಗಿಸುವ ವ್ಯವಸ್ಥೆ ಅದು. ಆದರೆ ಅದು ಹೊರುವುದು ಹಣದ ಭಾರವನ್ನು ಮಾತ್ರ. ಸವೆದ ಟೈರನ್ನು ಬದಲಿಸದೆ ಲಾರಿಯನ್ನು ರಸ್ತೆಗಿಳಿಸಿದವನ ಮನಸ್ಸಾಕ್ಷಿಗೆ ಯಾವ ಕಂಪನಿಯೂ ಪಾಲಿಸಿ ಮಾಡಿಕೊಡುವುದಿಲ್ಲ.

ಇನ್ನೂ ಒಂದು ಸಂಗತಿಯಿದೆ. ನ್ಯಾಯಮಂಡಳಿಯಲ್ಲಿ ಮೂವರ ಹೆಸರು ಕೂಗುತ್ತಾರೆಂದೆವು. ಯಾರ ಹೆಸರು ಕೂಗುವುದಿಲ್ಲ? ಮಿತಿಮೀರಿ ಅದಿರು ತುಂಬಿಸಿದ ಗುತ್ತಿಗೆದಾರನದು, ಇಷ್ಟು ಟ್ರಿಪ್ಪು ಆಗಲೇಬೇಕೆಂದು ತಾಕೀತು ಮಾಡಿದವನದು, ತೂಕದ ಚೀಟಿ ನೋಡಿಯೂ ನೋಡದಂತಿದ್ದವನದು, ಹೊತ್ತಿಗೆ ಮುಂಚೆ ಸರಕು ಬೇಕೆಂದ ಖರೀದಿದಾರನದು. ಸರಪಳಿಯ ತುದಿಯಲ್ಲಿ ಸಿಕ್ಕಿಬೀಳುವವನು ನಿದ್ದೆಗೆಟ್ಟ ಚಾಲಕ. ಮೋಟಾರು ಸಾರಿಗೆ ಕಾರ್ಮಿಕನಿಗೆ ದಿನಕ್ಕೆ ಎಂಟು ಗಂಟೆಯ ದುಡಿಮೆಯೆಂದು ನಮ್ಮ ಸಂಸತ್ತು 1961ರಲ್ಲಿಯೇ ಗೊತ್ತುಪಡಿಸಿತ್ತು. ಟ್ರಿಪ್ಪಿನ ಲೆಕ್ಕದಲ್ಲಿ ಬದುಕುವವನಿಗೆ ಆ ಎಂಟು ಗಂಟೆ ಕಾಗದದ ಮೇಲಷ್ಟೇ ಉಳಿಯಿತು. ಅವನಿಗೂ ಹೆಂಡತಿ ಮಕ್ಕಳಿದ್ದಾರೆ, ಜೈಲಿನ ಭಯವಿದೆ. ಅವನ ತಪ್ಪನ್ನು ಮನ್ನಿಸಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಹತ್ತು ಜನ ಸೇರಿ ಹೇರಿದ ಹೊರೆಯನ್ನು ಒಬ್ಬನ ತಲೆಯ ಮೇಲೆ ಹೊರಿಸಿ ಉಳಿದ ಒಂಬತ್ತು ಜನ ಕೈತೊಳೆದುಕೊಂಡರೆ ಅದನ್ನು ನ್ಯಾಯವೆನ್ನಲಾಗದು. ಕಾನೂನಿನ ಪಟ್ಟಿಯಲ್ಲಿ ಹೆಸರಿಲ್ಲವೆಂಬ ಕಾರಣಕ್ಕೆ ಮನಸ್ಸಾಕ್ಷಿಯ ಪಟ್ಟಿಯಿಂದಲೂ ಹೆಸರು ಅಳಿಸಿಹೋಗುವುದಿಲ್ಲ.

ಚಾಲಕನ ಮಾತು ಬಂದುದರಿಂದ ಇನ್ನೊಂದು ವಿಷಯ. ಅದೇ ಕಾಯ್ದೆಯ 134ನೇ ಕಲಂ, ಗಾಯಗೊಂಡವನಿಗೆ ಚಿಕಿತ್ಸೆ ಒದಗಿಸುವುದು ಚಾಲಕನ ಕರ್ತವ್ಯವೆಂದು ಹೇಳಿ ಒಂದು ವಿನಾಯಿತಿ ಕೊಡುತ್ತದೆ: ಜನರ ಗುಂಪಿನ ಆಕ್ರೋಶದಿಂದ ಅದು ಸಾಧ್ಯವಾಗದಿದ್ದರೆ. ಈ ಒಂದು ಮಾತು ನಮ್ಮನ್ನು ನಾಚಿಸಬೇಕು. ಚಾಲಕ ಓಡಿಹೋಗುತ್ತಾನೆಂದು ನಾವು ಬೈಯುತ್ತೇವೆ. ಅವನು ಓಡಲು ನಮ್ಮ ಕೈಯಲ್ಲಿರುವ ಕಲ್ಲೂ ಒಂದು ಕಾರಣವೆಂದು ಶಾಸನವೇ ಗುರುತಿಸಿದೆ. ಕಲ್ಲೆತ್ತುವ ಹತ್ತು ಕೈಗಳು ಗಾಯಾಳುವನ್ನು ಎತ್ತಿದ್ದರೆ ಒಂದು ಜೀವ ಉಳಿಯುತ್ತಿತ್ತೇನೋ. ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸಿದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕೆಂಬ ಭಯವೂ ಈಗ ಬೇಡ. ನೆರವಿಗೆ ಬಂದವರ ರಕ್ಷಣೆಗಾಗಿ ಕರ್ನಾಟಕ 2016ರಲ್ಲಿಯೇ ಕಾಯ್ದೆ ರೂಪಿಸಿತು. 2019ರ ತಿದ್ದುಪಡಿ ಆ ರಕ್ಷಣೆಯನ್ನು ಇಡೀ ದೇಶಕ್ಕೆ ವಿಸ್ತರಿಸಿತು. 2025ರ ಮೇ ತಿಂಗಳಿನಿಂದ ಜಾರಿಗೆ ಬಂದ ಕೇಂದ್ರದ ಯೋಜನೆಯಂತೆ, ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ನಗದಿಲ್ಲದೆ ದೊರೆಯಬೇಕು.

ಪ್ರಿಯ ಓದುಗರೇ, ಇಷ್ಟರವರೆಗೆ ಲಾರಿಯ ಕಡೆಯವರ ಹೊಣೆಯನ್ನು ನೋಡಿದೆವು. ನೊಂದವರ ಕಡೆಗೂ ಒಂದು ಪರೀಕ್ಷೆ ಬಂದೊದಗುತ್ತದೆ. ಡಿಕ್ಕಿ ಹೊಡೆದ ವಾಹನಕ್ಕೆ ವಿಮೆಯಿಲ್ಲದಿದ್ದರೆ ವಿಮೆಯಿರುವ ಮತ್ತೊಂದನ್ನು ತಂದು ನಿಲ್ಲಿಸೋಣ, ಕಾಣದವನನ್ನು ಕಂಡ ಸಾಕ್ಷಿಯನ್ನಾಗಿ ಮಾಡೋಣ, ಇಲ್ಲದ ಊನವನ್ನು ಬರೆಸಿಕೊಳ್ಳೋಣ ಎಂದು ಸಲಹೆ ಕೊಡುವವರು ಬರುತ್ತಾರೆ. ದುಃಖದಲ್ಲಿರುವವರಿಗೆ ಇದು ತಪ್ಪೆಂದು ಹೇಳುವುದು ಕಠಿಣ, ಆದರೂ ಹೇಳಲೇಬೇಕು. ಸುಳ್ಳಿನ ಮೇಲೆ ಕಟ್ಟಿದ ಅರ್ಜಿ ಬಯಲಾದ ದಿನ ನಿಜವಾದ ನೋವೂ ಸುಳ್ಳೆನಿಸಿಕೊಳ್ಳುತ್ತದೆ. ಮುಂದೆ ಬರುವ ಪ್ರಾಮಾಣಿಕ ವಿಧವೆಯನ್ನೂ ಜನ ಅನುಮಾನದಿಂದ ನೋಡುತ್ತಾರೆ. ಹಾಗೆಯೇ, ಅಪಘಾತದ ರಾತ್ರಿಯೇ ನಾಲ್ಕು ಜನ ಸೇರಿಸಿ, ಒಂದಿಷ್ಟು ನಗದು ಕೈಗಿತ್ತು, ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ರಾಜಿಯೂ ನ್ಯಾಯವಲ್ಲ. ಅಳುವ ಕಣ್ಣಿಗೆ ಅಕ್ಷರ ಕಾಣಿಸುವುದಿಲ್ಲ.

ಆದುದರಿಂದ ಪ್ರತಿಯೊಂದು ಕುಟುಂಬವೂ ಕೆಲವು ವಿಷಯಗಳನ್ನು ತಿಳಿದಿರಬೇಕು. ಠಾಣೆಯಲ್ಲಿ ದೂರು ದಾಖಲಾಗಿ ಎಫ್‌ಐಆರ್‌ನ ಪ್ರತಿ ಕೈಗೆ ಬರಬೇಕು. ಮರಣೋತ್ತರ ಪರೀಕ್ಷೆಯ ವರದಿ, ಗಾಯದ ಪ್ರಮಾಣಪತ್ರ, ಆಸ್ಪತ್ರೆಯ ರಸೀದಿಗಳು, ವಯಸ್ಸಿನ ದಾಖಲೆ ಇವನ್ನು ಜೋಪಾನವಾಗಿಡಬೇಕು. 2022ರ ಏಪ್ರಿಲ್ 1ರಿಂದ ಪರಿಹಾರದ ಅರ್ಜಿಗೆ ಆರು ತಿಂಗಳ ಗಡುವು ಬಂದಿದೆ. ಆ ಗಡುವು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೊಳಗಾಗಿದ್ದರೂ ಅದರೊಳಗೇ ಅರ್ಜಿ ಸಲ್ಲಿಸುವುದು ಕ್ಷೇಮ. ಯಾರದು ತಪ್ಪೆಂದು ಸಾಧಿಸಲಾಗದಿದ್ದಾಗಲೂ 164ನೇ ಕಲಮಿನಡಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಪಡೆಯಲು ಅವಕಾಶವಿದೆ. ಡಿಕ್ಕಿ ಹೊಡೆದು ಪರಾರಿಯಾದ ವಾಹನ ಪತ್ತೆಯಾಗದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿಯ ಸರ್ಕಾರಿ ಯೋಜನೆಯಿದೆ. ವಕೀಲರನ್ನಿಡಲು ಹಣವಿಲ್ಲದವರಿಗೆ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯ ಬಾಗಿಲು ತೆರೆದಿದೆ. 1987ರ ಕಾಯ್ದೆಯಂತೆ ಮಹಿಳೆಯರು, ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು. ಬಂದ ಪರಿಹಾರದಲ್ಲಿ ಇಂತಿಷ್ಟು ಪಾಲೆಂದು ಕರಾರು ಮಾಡಿಕೊಳ್ಳುವುದನ್ನು ವಕೀಲರ ಪರಿಷತ್ತಿನ ನಿಯಮಗಳೇ ನಿಷೇಧಿಸಿವೆ.

ಕಂಪ್ಲಿಯ ಗದ್ದೆಗಳಿಗೆ, ದೂರದ ಹೊಲಗಳಿಗೆ ಕೂಲಿಗೆ ಹೋಗುವ ಕುಟುಂಬಗಳಿಗೆ ಒಂದು ವಿಶೇಷ ಮಾತು. ಸರಕಿನ ವಾಹನದಲ್ಲಿ ಸುಮ್ಮನೆ ಹತ್ತಿಸಿಕೊಂಡು ಹೋದ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು 2002ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. ಲಾರಿಯ ಮೇಲೆ ಗುಂಪಾಗಿ ಕುಳಿತು ಸಾಗುವ ಹೆಣ್ಣುಮಕ್ಕಳಿಗೆ ಏನಾದರೂ ಆದರೆ ಪರಿಹಾರ ಎಷ್ಟು ದುರ್ಲಭವಾಗಬಹುದೆಂಬುದನ್ನು ಅವರನ್ನು ಹತ್ತಿಸಿಕೊಳ್ಳುವವರು ಮೊದಲೇ ಯೋಚಿಸಬೇಕು. "ಪುಕ್ಕಟೆ ಬಿಡ್ತೀನಿ ಬಾ" ಎಂಬ ಉಪಕಾರ ಕೆಲವೊಮ್ಮೆ ಬಹಳ ದುಬಾರಿ.

ಕೊನೆಯದಾಗಿ, ಸಂತ ಲೂಕರ ಶುಭಸಂದೇಶದಲ್ಲಿ ಬರುವ ಸಮಾರಿಯದ ದಯಾವಂತನನ್ನು ನೆನೆಯೋಣ. ದಾರಿಯಲ್ಲಿ ಬಿದ್ದಿದ್ದವನ ಗಾಯಕ್ಕೆ ಅವನು ಎಣ್ಣೆ ಸುರಿದು ಕಟ್ಟಿದ್ದನ್ನು ನಾವೆಲ್ಲ ನೆನಪಿಟ್ಟಿದ್ದೇವೆ. ಆಮೇಲೆ ನಡೆದದ್ದನ್ನು ಅಷ್ಟಾಗಿ ಗಮನಿಸುವುದಿಲ್ಲ. ಮರುದಿನ ಅವನು ಛತ್ರದವನ ಕೈಗೆ ಹಣ ಕೊಟ್ಟು, ಹೆಚ್ಚಿಗೆ ಖರ್ಚಾದರೆ ಹಿಂದಿರುಗುವಾಗ ತೀರಿಸುವುದಾಗಿ ಮಾತು ಕೊಟ್ಟ. ಆ ಗಾಯಕ್ಕೆ ಅವನು ಕಾರಣನಲ್ಲ. ಯಾವ ನ್ಯಾಯಾಲಯವೂ ಅವನಿಂದ ಒಂದು ಕಾಸನ್ನೂ ಕೇಳುತ್ತಿರಲಿಲ್ಲ. ಆದರೂ ಅವನು ಲೆಕ್ಕವನ್ನು ತನ್ನ ಹೆಸರಿಗೆ ಬರೆಸಿಕೊಂಡ. ಕಾನೂನು ಹೊಣೆಯನ್ನು ಹಿಂದಿನಿಂದ ಹುಡುಕುತ್ತದೆ: ಯಾರು ಮಾಡಿದರು? ಪ್ರೀತಿ ಅದನ್ನು ಮುಂದಿನಿಂದ ಕೇಳುತ್ತದೆ: ಇನ್ನು ಯಾರು ನೋಡಿಕೊಳ್ಳುವರು? ನೊಂದ ಮನೆಗೆ ಇವೆರಡೂ ಬೇಕು. ಮೊದಲನೆಯದಿಲ್ಲದೆ ಎರಡನೆಯದು ಬರಿಯ ಭಿಕ್ಷೆ. ಎರಡನೆಯದಿಲ್ಲದೆ ಮೊದಲನೆಯದು ಬರಿಯ ಚೆಕ್ಕು.

ಲಾರಿಯ ಮಾಲೀಕರು ನಿಮ್ಮಲ್ಲಿ ಇದ್ದರೆ, ವಿಮೆಯ ಕಂತು ಕಟ್ಟಿದ ದಿನವೇ ಟೈರನ್ನೂ ಬ್ರೇಕನ್ನೂ ಚಾಲಕನ ನಿದ್ದೆಯನ್ನೂ ವಿಚಾರಿಸಿ. ದುರಂತ ಸಂಭವಿಸಿದರೆ ವಕೀಲರ ಮೂಲಕವಲ್ಲದೆ ಖುದ್ದಾಗಿಯೂ ಆ ಮನೆಯ ಹೊಸ್ತಿಲಿಗೆ ಹೋಗಿ ನಿಲ್ಲುವ ಧೈರ್ಯ ತೋರಿ. ತೂಕದ ಕಟ್ಟೆಯಲ್ಲಿ, ಗಣಿಯಲ್ಲಿ, ಕಚೇರಿಯಲ್ಲಿ ದುಡಿಯುವವರಾದರೆ, ಮಿತಿಮೀರಿದ ಒಂದು ಲಾರಿಯನ್ನು ತಡೆದು ನಿಲ್ಲಿಸುವುದೂ ಆರಾಧನೆಯೆಂದು ತಿಳಿಯಿರಿ. ನೆರೆಹೊರೆಯವರಾದರೆ, ಸಾವಿನ ಮನೆಗೆ ಮೂರು ದಿನ ಅನ್ನ ಒಯ್ದು ಸುಮ್ಮನಾಗಬೇಡಿ. ಮೂರನೆಯ ತಿಂಗಳು ಆ ತಾಯಿಯ ಜೊತೆ ಹೊಸಪೇಟೆಯ ಬಸ್ಸು ಹತ್ತಿ ನ್ಯಾಯಾಲಯದ ಮೆಟ್ಟಿಲವರೆಗೆ ನಡೆಯಿರಿ. ವಿಚಾರಣೆಯ ದಿನಾಂಕಗಳು ಮುಂದಕ್ಕೆ ಹೋಗುತ್ತಿರುತ್ತವೆ. ಆ ಕಾರಿಡಾರಿನ ಬೆಂಚಿನ ಮೇಲೆ ಒಬ್ಬಂಟಿಯಾಗಿ ಕುಳಿತ ಹೆಣ್ಣುಮಗಳ ಪಕ್ಕದಲ್ಲಿ ಕುಳಿತುಕೊಳ್ಳಲು ಯಾವ ಕಲಮೂ ನಮ್ಮನ್ನು ಒತ್ತಾಯಿಸುವುದಿಲ್ಲ. ಹೊಣೆಯೆಂಬುದು ನಮ್ಮದಾಗುವುದು ಅಲ್ಲಿಂದಲೇ.